ಹೊರಡಲೆಂದೇ ಸೇರುವ ಕಾಲೇಜು

ಹೈಸ್ಕೂಲು ಮುಗಿಸುವ ಮಕ್ಕಳಿರುವ ಅಮೆರಿಕದ ಮನೆಗಳಲ್ಲಿ ಮಾರ್ಚ್ ಕೊನೆಯಿಂದ ಮೇ 1ರವರೆಗಿನ ದಿನಗಳು ಬಿಗುವಿನವು. ವಿಶ್ವವಿದ್ಯಾಲಯಗಳ ಉತ್ತರ ಬರುವುದು ಆಗ. ಯಾವುದನ್ನು ಒಪ್ಪಿಕೊಳ್ಳುತ್ತೇವೆಂದು ತಿಳಿಸಲು ಬಹುತೇಕ ಕಡೆ ಮೇ 1 ಕೊನೆಯ ದಿನ. ಕ್ಯುಪರ್ಟಿನೊ, ಫ್ರೀಮಾಂಟ್, ಸ್ಯಾನ್ ಹೋಸೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ, ದ್ವಿತೀಯ ಪಿಯು ಮುಗಿಸಿದ ಮಕ್ಕಳನ್ನು ಅಲ್ಲಿಗೆ ಕಳಿಸಹೊರಟ ಬೆಂಗಳೂರು, ಮೈಸೂರಿನ ಪೋಷಕರಿಗೂ ಆ ದಿನಗಳಲ್ಲಿ ಹೊಳೆಯುವ ಯೋಚನೆ ಒಂದೇ: ಬರ್ಕ್ಲಿ ಅಥವಾ ಯುಸಿಎಲ್‌ಎ ಸಿಗದಿದ್ದರೇನಂತೆ, ಬೇರೆಲ್ಲಾದರೂ ಒಂದು ವರ್ಷ ಓದಲಿ, ಆಮೇಲೆ ಅಲ್ಲಿಗೇ ಹೋದರಾಯಿತು. ಯೋಚನೆಯೇನೂ ತಪ್ಪಲ್ಲ, ಕಾಲೇಜು ಬದಲಿಸುವುದು ಆ ದೇಶದಲ್ಲಿ ಮಾಮೂಲಿ ಸಂಗತಿ. ತಪ್ಪಾಗುವುದು 'ಬೇರೆಲ್ಲಾದರೂ' ಎನ್ನುವಲ್ಲಿ. ಆ ಮೊದಲ ಕಾಲೇಜನ್ನು ಹೆಸರು ನೋಡಿ, ರ‍್ಯಾಂಕಿಂಗ್ ಪಟ್ಟಿ ನೋಡಿ, ನೆಂಟರಿಷ್ಟರ ಮುಂದೆ ಹೇಳಿಕೊಳ್ಳಲು ಚೆನ್ನಾಗಿರುತ್ತದೆಯೇ ಎಂದು ನೋಡಿ ಆರಿಸಿಕೊಳ್ಳುತ್ತಾರೆ. ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾಲಯವು ಈ ಕಾಲೇಜಿನ ಪಾಠಗಳನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತದೆಂದು ಮೊದಲೇ ಬರೆದುಕೊಟ್ಟಿದೆಯೇ ಎಂಬುದನ್ನು ಮಾತ್ರ ನೋಡುವುದಿಲ್ಲ. ನಾಲ್ಕು ವರ್ಷದ ಪದವಿ ಐದಾಗುವುದೂ ಆರಾಗುವುದೂ ಈ ಒಂದು ಅಲಕ್ಷ್ಯದಿಂದ.

ಅಲ್ಲಿನ ಪದವಿ ನಿಂತಿರುವುದು ಕ್ರೆಡಿಟ್‌ಗಳ ಮೇಲೆ. ಸೆಮಿಸ್ಟರ್ ಪದ್ಧತಿಯಲ್ಲಿ ಒಟ್ಟು ಸುಮಾರು 120 ಕ್ರೆಡಿಟ್ ಬೇಕು, ಅಂದರೆ ವರ್ಷಕ್ಕೆ 30. ಕಾಲೇಜು ಬದಲಿಸುವಾಗ ಇವು ತಾವಾಗಿಯೇ ವಿದ್ಯಾರ್ಥಿಯ ಜೊತೆ ಬರುವುದಿಲ್ಲ. ಯಾವುದನ್ನು ಒಪ್ಪಬೇಕೆಂಬ ತೀರ್ಮಾನ ಹೊಸ ಕಾಲೇಜಿನದು. ಅಮೆರಿಕ ಸಂಸತ್ತಿಗೆ ವರದಿ ಒಪ್ಪಿಸುವ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2017ರಲ್ಲಿ ಒಂದು ಅಂದಾಜು ಪ್ರಕಟಿಸಿತು: 2004ರಿಂದ 2009ರ ಅವಧಿಯಲ್ಲಿ ಕಾಲೇಜು ಬದಲಿಸಿದವರು ಸರಾಸರಿ ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು. ಒಂದು ಸಾರ್ವಜನಿಕ ಕಾಲೇಜಿನಿಂದ ಇನ್ನೊಂದಕ್ಕೆ ಹೋದವರಿಗೆ ನಷ್ಟ ಶೇ 37. ಲಾಭಕ್ಕಾಗಿ ನಡೆಯುವ ಖಾಸಗಿ ಕಾಲೇಜುಗಳಿಂದ ಸಾರ್ವಜನಿಕ ಕಾಲೇಜಿಗೆ ಬಂದವರಿಗೆ ಶೇ 94. ಇದು ಬರಿಗಣ್ಣಿಗೆ ಕಾಣುವ ನಷ್ಟ. ಕಾಣದ ಇನ್ನೊಂದು ನಷ್ಟವಿದೆ, ಮನೆಯವರು ಮೋಸಹೋಗುವುದು ಅಲ್ಲಿಯೇ. ಹೊಸ ವಿಶ್ವವಿದ್ಯಾಲಯ 'ನಿಮ್ಮ 30 ಕ್ರೆಡಿಟ್‌ಗಳನ್ನೂ ಒಪ್ಪಿದ್ದೇವೆ' ಎಂದು ಪತ್ರ ಕೊಡಬಹುದು. ಆದರೆ ಅದರಲ್ಲಿ ಹತ್ತೋ ಹನ್ನೆರಡೋ ಕ್ರೆಡಿಟ್ ಐಚ್ಛಿಕ ವಿಷಯಗಳ ಖಾತೆಗೆ ಹೋಗಿರುತ್ತವೆ. ಎಂಜಿನಿಯರಿಂಗ್‌ಗೆ ಕ್ಯಾಲ್ಕುಲಸ್ ಆಧಾರಿತ ಭೌತಶಾಸ್ತ್ರವೇ ಬೇಕಿರುವಾಗ ಕ್ಯಾಲ್ಕುಲಸ್ ಇಲ್ಲದ ಭೌತಶಾಸ್ತ್ರ ಓದಿ ಬಂದ ಹುಡುಗನಿಗೆ ಕ್ರೆಡಿಟ್ ಸಿಗುತ್ತದೆ, ಆ ಪಾಠವನ್ನು ಮತ್ತೆ ಮೊದಲಿನಿಂದ ಓದುವುದೂ ತಪ್ಪುವುದಿಲ್ಲ. ಅದು ಮುಗಿಯದೆ ಮುಂದಿನ ಪಾಠಕ್ಕೆ ಪ್ರವೇಶವಿಲ್ಲ, ಅದಿಲ್ಲದೆ ಅದರ ಮುಂದಿನದಕ್ಕಿಲ್ಲ. ಹೀಗೆ ಒಂದೇ ಪಾಠದ ಕೊರತೆ ಇಡೀ ವರ್ಷವನ್ನು ನುಂಗುತ್ತದೆ. ಆದ್ದರಿಂದ 'ಕ್ರೆಡಿಟ್ ಒಪ್ಪುತ್ತೀರಾ' ಎಂದಷ್ಟೇ ಕೇಳಿದರೆ ಸಾಲದು. 'ನನ್ನ ಮೇಜರ್‌ನಲ್ಲಿ (ಪದವಿಯ ಮುಖ್ಯ ವಿಷಯದಲ್ಲಿ) ಯಾವ ಪಾಠದ ಬದಲಿಗೆ ಇದನ್ನು ಒಪ್ಪುತ್ತೀರಿ' ಎಂದು ಕೇಳಬೇಕು.

ಈ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಟ್ಟಿರುವ ವ್ಯವಸ್ಥೆಗಳಿವೆ. ಕ್ಯಾಲಿಫೋರ್ನಿಯಾದ್ದು ಅವುಗಳಲ್ಲಿ ದೊಡ್ಡದು. 1960ರಲ್ಲಿ ಆ ರಾಜ್ಯ ಉನ್ನತ ಶಿಕ್ಷಣಕ್ಕೊಂದು ಮಹಾಯೋಜನೆ ಮಾಡಿಕೊಂಡಾಗಲೇ ಒಂದು ಸಂಗತಿ ತೀರ್ಮಾನವಾಗಿತ್ತು: ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್‌ಗಳು ಮೊದಲ ವರ್ಷಕ್ಕೆ ಆಯ್ದ ಕೆಲವರನ್ನಷ್ಟೇ ಸೇರಿಸಿಕೊಳ್ಳಬೇಕು, ಉಳಿದವರಿಗೆ ಸಮುದಾಯದ ನಡುವೆಯೇ ಇರುವ ಕಮ್ಯುನಿಟಿ ಕಾಲೇಜುಗಳಲ್ಲಿ ಎರಡು ವರ್ಷ ಕಲಿತು ಮೂರನೇ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ಬರಲು ದಾರಿ ತೆರೆದಿರಬೇಕು. ಇಂದು ಅಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಮೊದಲ ವರ್ಷಕ್ಕೆ ಸೇರುವ ಪ್ರತಿ ಇಬ್ಬರು ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಒಬ್ಬರಂತೆ ವರ್ಗಾವಣೆಯ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವುದು ಯುಸಿ ಇಟ್ಟುಕೊಂಡಿರುವ ಗುರಿ. ಹಾಗೆ ಬರುವವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಈ ಕಮ್ಯುನಿಟಿ ಕಾಲೇಜುಗಳವರೇ. ಯಾವ ಕಾಲೇಜಿನ ಯಾವ ಪಾಠ, ಯಾವ ಕ್ಯಾಂಪಸ್ಸಿನ ಯಾವ ಮೇಜರ್‌ನ ಯಾವ ಪಾಠಕ್ಕೆ ಸಮ ಎಂಬುದನ್ನು 'ಅಸಿಸ್ಟ್' ಎಂಬ ಅಧಿಕೃತ ಜಾಲತಾಣದಲ್ಲಿ ಸಾಲುಸಾಲಾಗಿ ಬರೆದಿಟ್ಟಿದ್ದಾರೆ. ಯಾರು ಬೇಕಾದರೂ ನೋಡಬಹುದು. ಕ್ಯುಪರ್ಟಿನೊದ ಡಿ ಆ್ಯನ್ಜಾ ಕಾಲೇಜಿನ ಕ್ಯಾಲ್ಕುಲಸ್ ಪಾಠಗಳ ಸರಣಿ ಯುಸಿಯ ಡೇವಿಸ್‌ನಲ್ಲಿ ಯಾವುದಕ್ಕೆ ಸಮ, ಸ್ಯಾಂಟಾ ಕ್ರೂಸ್‌ನಲ್ಲಿ ಯಾವುದಕ್ಕೆ ಸಮ ಎಂದು ಊಹಿಸುತ್ತ ಕೂರಬೇಕಿಲ್ಲ. ಸಾಮಾನ್ಯ ಶಿಕ್ಷಣದ ವಿಷಯಗಳಿಗೆ ಯುಸಿ ಮತ್ತು ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿ ಎರಡೂ ಒಪ್ಪುವ ಒಂದೇ ಪಟ್ಟಿ 2025ರಿಂದ ಜಾರಿಯಲ್ಲಿದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಸ್ ಎಂಬ ಆರು ಕ್ಯಾಂಪಸ್‌ಗಳು 'ಟ್ಯಾಗ್' ಹೆಸರಿನ ಖಾತರಿಯನ್ನೂ ಕೊಡುತ್ತವೆ: ಹೇಳಿದ ಪಾಠಗಳನ್ನು ಹೇಳಿದ ಜಿಪಿಎಯೊಂದಿಗೆ (ಸರಾಸರಿ ಅಂಕದೊಂದಿಗೆ) ಮುಗಿಸಿದ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗೆ ಸೀಟು ಖಚಿತ. ಬರ್ಕ್ಲಿ, ಲಾಸ್ ಏಂಜಲಿಸ್ (ಯುಸಿಎಲ್‌ಎ), ಸ್ಯಾನ್ ಡಿಯಾಗೊ ಈ ಖಾತರಿ ಕೊಡುವುದಿಲ್ಲ. ಆದರೂ ಯುಸಿಎಲ್‌ಎ ಮೊದಲ ವರ್ಷಕ್ಕೆ ಅರ್ಜಿ ಹಾಕಿದವರಲ್ಲಿ ಇತ್ತೀಚಿನ ವರ್ಷಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಸೀಟು ಕೊಟ್ಟಿದ್ದರೆ, ವರ್ಗಾವಣೆಗೆ ಅರ್ಜಿ ಹಾಕಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೊಟ್ಟಿದೆ.

ಇಲ್ಲಿಂದ ಹೊರಡುವ ತೀರ್ಮಾನ ಅನೇಕ ಪೋಷಕರಿಗೆ ಹಿಡಿಸುವುದಿಲ್ಲ. ಮಗಳು ಕೊನೆಗೆ ಯುಸಿಯಲ್ಲಿ ಓದಬೇಕೆಂಬುದೇ ಗುರಿಯಾಗಿದ್ದರೆ, ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಶುಲ್ಕದ, ಹೊರರಾಜ್ಯದ ಹೆಸರಾಂತ ಖಾಸಗಿ ಕಾಲೇಜಿಗಿಂತ ಮನೆಯ ಪಕ್ಕದ ಕಮ್ಯುನಿಟಿ ಕಾಲೇಜೇ ಅವಳಿಗೆ ಮೇಲು. ವರ್ಗಾವಣೆಯ ಸೀಟುಗಳಲ್ಲಿ ಯುಸಿ ಮೊದಲ ಆದ್ಯತೆ ಕೊಡುವುದು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಿಂದ ಬಂದವರಿಗೆ. ನಾಲ್ಕು ವರ್ಷದ ಇತರ ಕಾಲೇಜುಗಳವರು ಎಷ್ಟೇ ಅಂಕ ತಂದರೂ ಸಾಲಿನಲ್ಲಿ ಅವರ ಹಿಂದೆ ನಿಲ್ಲಬೇಕು. ಅವರ ಪಾಠಗಳಿಗೆ 'ಅಸಿಸ್ಟ್'ನಲ್ಲಿ ಒಪ್ಪಂದದ ಸಾಲುಗಳೂ ಇರುವುದಿಲ್ಲ. ಪಠ್ಯಕ್ರಮ ಕಳಿಸಿ, ಇಲಾಖೆಯವರ ತೀರ್ಮಾನಕ್ಕೆ ಕಾಯಬೇಕು. ಕಮ್ಯುನಿಟಿ ಕಾಲೇಜಿನಲ್ಲಿ ಹೆಚ್ಚುವರಿ ಕ್ರೆಡಿಟ್ ಗಳಿಸಿದವರ ಲೆಕ್ಕವನ್ನು ಯುಸಿ 70 ಸೆಮಿಸ್ಟರ್ ಯೂನಿಟ್‌ಗೆ (ಯೂನಿಟ್ ಎಂದರೆ ಕ್ರೆಡಿಟ್ಟೇ) ನಿಲ್ಲಿಸುತ್ತದೆಯೇ ಹೊರತು ಅದರಿಂದ ಪ್ರವೇಶಕ್ಕೆ ತೊಡಕಾಗದು. ನಾಲ್ಕು ವರ್ಷದ ಕಾಲೇಜಿನಲ್ಲಿ ಅದೇ ರೀತಿ ಕ್ರೆಡಿಟ್ ಕೂಡಿಹಾಕಿದವರು ಕೊನೆಯ ವರ್ಷದ ವಿದ್ಯಾರ್ಥಿಗಳೆಂದು ಎಣಿಕೆಯಾಗಿ ಪ್ರವೇಶವನ್ನೇ ಕಳೆದುಕೊಳ್ಳುವ ಅಪಾಯವಿದೆ. ಇಲ್ಲಿ ಹೆಸರಿನ ಬಲ ನಡೆಯದು.

ಸಮಯದ ಲೆಕ್ಕ ಇದಕ್ಕಿಂತ ಸೂಕ್ಷ್ಮ. 'ಒಂದು ವರ್ಷ ಓದಿ ಬದಲಿಸುತ್ತೇನೆ' ಎನ್ನುವವರು ಅರ್ಜಿ ಹಾಕಬೇಕಾದ್ದು ಆ ಮೊದಲ ವರ್ಷದ ನಡುವೆಯೇ. ಬಹಳಷ್ಟು ಖಾಸಗಿ ವಿಶ್ವವಿದ್ಯಾಲಯಗಳ ಗಡುವು ಮಾರ್ಚ್ ಆಸುಪಾಸಿನಲ್ಲಿ ಮುಗಿಯುತ್ತದೆ. ಆಗ ವಿದ್ಯಾರ್ಥಿಯ ಕೈಯಲ್ಲಿರುವುದು ಒಂದೇ ಸೆಮಿಸ್ಟರಿನ ಅಂಕಪಟ್ಟಿ. ಆದ್ದರಿಂದ ಪ್ರವೇಶ ಸಮಿತಿ ಮತ್ತೆ ಹೈಸ್ಕೂಲಿನ ಅಂಕಗಳನ್ನೇ ತೆಗೆದು ನೋಡುತ್ತದೆ. ಹಿಂದಿನ ವರ್ಷ ಯಾವ ದಾಖಲೆ ನೋಡಿ 'ಇಲ್ಲ' ಎಂದಿತ್ತೋ ಅದೇ ದಾಖಲೆ ಅರ್ಧ ವರ್ಷದ ಹೊಸ ಅಂಕಗಳೊಂದಿಗೆ ಅವರ ಮುಂದೆ ಬಂದು ಕೂತಿರುತ್ತದೆ; ಉತ್ತರ ಬದಲಾಗಲು ಹೆಚ್ಚಿನ ಕಾರಣವಿರುವುದಿಲ್ಲ. ಎರಡು ವರ್ಷ ಓದಿ ಅರ್ಜಿ ಹಾಕಿದವರ ವಿಷಯ ಬೇರೆ. ಅವರ ಕಾಲೇಜಿನ ಸಾಧನೆಯೇ ಎದ್ದು ಕಾಣುತ್ತದೆ, ಹೈಸ್ಕೂಲಿನ ಮಸುಕು ಅಂಕಗಳು ಹಿಂದೆ ಸರಿಯುತ್ತವೆ. ಯುಸಿಯಂತೂ ವರ್ಗಾವಣೆಯಲ್ಲಿ ಮೂರನೇ ವರ್ಷಕ್ಕೆ ಸಿದ್ಧರಾದವರನ್ನೇ ಬಯಸುತ್ತದೆ, ಅಂದರೆ 60 ಸೆಮಿಸ್ಟರ್ ಯೂನಿಟ್ ಮುಗಿಸಿದವರನ್ನು. ಒಂದೇ ವರ್ಷದಲ್ಲಿ ಕಾಲೇಜು ಬದಲಿಸುವುದು ಅರ್ಥಪೂರ್ಣವಾಗುವುದು ವಿಶ್ವವಿದ್ಯಾಲಯವೇ ಅಂಥ ಮಾತು ಕೊಟ್ಟಿರುವಾಗ. ಕಾರ್ನೆಲ್ ಹೀಗೊಂದು ಪದ್ಧತಿ ಇಟ್ಟುಕೊಂಡಿದೆ: ಮೊದಲ ವರ್ಷಕ್ಕೆ ಜಾಗವಿಲ್ಲದ ಕೆಲವು ಅರ್ಜಿದಾರರಿಗೆ, ಬೇರೆಡೆ ಒಂದು ವರ್ಷ ಇಂಥಿಂಥ ಪಾಠ ಓದಿ ಇಷ್ಟು ಜಿಪಿಎ ತಂದರೆ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುತ್ತೇವೆ ಎಂದು ಬರೆದುಕೊಡುತ್ತದೆ. ಅಂಥ ಪತ್ರ ಕೈಯಲ್ಲಿದ್ದವರು ಆ ಪಾಠಗಳೆಲ್ಲ ಸಿಗುವ, ಕಡಿಮೆ ಖರ್ಚಿನ ಕಾಲೇಜೊಂದನ್ನು ಹುಡುಕಿಕೊಂಡರೆ ಸಾಕು. ಆದರೆ ಹಾರ್ವರ್ಡ್ ಸಾವಿರಕ್ಕೂ ಹೆಚ್ಚು ಅರ್ಜಿಗಳ ನಡುವೆ ವರ್ಷಕ್ಕೆ ಹತ್ತಿಪ್ಪತ್ತು ಮಂದಿಯನ್ನಷ್ಟೇ ವರ್ಗಾವಣೆಯಲ್ಲಿ ತೆಗೆದುಕೊಳ್ಳುವಂಥದ್ದು. ಪ್ರಿನ್ಸ್‌ಟನ್ 1990ರಿಂದ 2018ರವರೆಗೆ ಒಬ್ಬರನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಇಂಥ ಕಡೆಗೆ ಹೋಗುವ ಆಸೆಯನ್ನು ನಂಬಿ ಮೊದಲ ಕಾಲೇಜು ಆರಿಸುವುದು ಮಗುವಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಕಮ್ಯುನಿಟಿ ಕಾಲೇಜಿನ ಹೆಸರೆತ್ತಿದರೆ ಮೊದಲು ಬರುವ ಆಕ್ಷೇಪ ಮರ್ಯಾದೆಯದು. ಅದನ್ನು ಗುಣಮಟ್ಟದ ಪ್ರಶ್ನೆಯಾಗಿ ಕೇಳುತ್ತಾರೆ. ಯಾರು ಬೇಕಾದರೂ ಸೇರಬಹುದಾದ ಕಡೆ ಪಾಠ ಎಂಥದ್ದಿದ್ದೀತು ಎಂಬ ಅನುಮಾನ ಸಹಜವೇ. ಪ್ರವೇಶ ಸುಲಭ ಎಂದಮಾತ್ರಕ್ಕೆ ಪಾಠ ಸುಲಭವಾಗುವುದಿಲ್ಲ. ಅಲ್ಲಿನ ಅಧ್ಯಾಪಕರ ಮುಖ್ಯ ಕೆಲಸ ಕಲಿಸುವುದು. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ನೂರಾರು ಮಂದಿ ಒಟ್ಟಿಗೆ ಕೂತು ಕೇಳುವ ಮೊದಲ ವರ್ಷದ ಕ್ಯಾಲ್ಕುಲಸ್ಸನ್ನು ಇಲ್ಲಿ ಮೂವತ್ತು ನಲವತ್ತು ಮಂದಿಯ ತರಗತಿಯಲ್ಲಿ ಕೇಳಬಹುದು. ಗುಣಮಟ್ಟಕ್ಕೆ ಇದಕ್ಕಿಂತ ಬಲವಾದ ಸಾಕ್ಷಿಯೆಂದರೆ, ಹೀಗೆ ಯುಸಿಗೆ ಬಂದವರು ಮುಂದೆ ಏನಾದರು ಎಂಬುದು. ಕಮ್ಯುನಿಟಿ ಕಾಲೇಜಿನಿಂದ ಬಂದವರು ಮೊದಲ ವರ್ಷದಿಂದಲೇ ಅಲ್ಲಿದ್ದವರಷ್ಟೇ ಪ್ರಮಾಣದಲ್ಲಿ ಪದವಿ ಮುಗಿಸುತ್ತಾರೆಂದು ಯುಸಿಯ ಅಂಕಿಅಂಶಗಳೇ ತೋರಿಸುತ್ತವೆ. ಪದವಿ ಪತ್ರದಲ್ಲಿ ಅಚ್ಚಾಗುವುದೂ ಕೊನೆಯ ವಿಶ್ವವಿದ್ಯಾಲಯದ ಹೆಸರೇ.

ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ, ಅದನ್ನು ಹಾರಿಸಿ ಮುಂದೆ ಹೋಗಲಾಗದು. ಇಷ್ಟೆಲ್ಲ ಒಪ್ಪಂದ, ಖಾತರಿಗಳಿದ್ದರೂ ದಾಟುವವರು ಎಷ್ಟು ಮಂದಿ? ಕ್ಯಾಲಿಫೋರ್ನಿಯಾದ ರಾಜ್ಯ ಲೆಕ್ಕಪರಿಶೋಧಕರು 2024ರಲ್ಲಿ ಕೊಟ್ಟ ವರದಿಯಂತೆ, ವರ್ಗಾವಣೆಯ ಉದ್ದೇಶದಿಂದಲೇ 2017ರಿಂದ 2019ರ ನಡುವೆ ಸೇರಿದವರಲ್ಲಿ ನಾಲ್ಕು ವರ್ಷದೊಳಗೆ ವಿಶ್ವವಿದ್ಯಾಲಯಕ್ಕೆ ಹೋದವರು ಐವರಲ್ಲಿ ಒಬ್ಬರು. ದೇಶದ ಒಟ್ಟಾರೆ ಚಿತ್ರ ಇದಕ್ಕಿಂತ ಹೆಚ್ಚು ಭಿನ್ನವಲ್ಲ: ಕಮ್ಯುನಿಟಿ ಕಾಲೇಜು ಸೇರುವವರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಮುಂದೆ ಹೋಗುತ್ತದೆ, ಆರು ವರ್ಷದೊಳಗೆ ಪದವಿ ಪಡೆಯುವವರು ಸುಮಾರು ಶೇ 16. ಕಮ್ಯುನಿಟಿ ಕಾಲೇಜು ಸೇರುವವರಲ್ಲಿ ಬಹಳ ಮಂದಿ ಕೆಲಸ ಮಾಡುತ್ತ, ಸಂಸಾರ ನೋಡುತ್ತ, ಅರೆಕಾಲಿಕವಾಗಿ ಓದುವವರು. ಪೂರ್ಣಾವಧಿ ಓದುವ, ಮನೆಯ ಆಸರೆಯಿರುವ ಹದಿನೆಂಟರ ಹುಡುಗಿಯ ಸ್ಥಿತಿ ಅದಲ್ಲ ಎಂಬುದು ನಿಜ. ಆದರೆ ಈ ಸಮಾಧಾನ ಪೂರ್ತಿ ಸಾಲದು, ಏಕೆಂದರೆ ಕುಂದು ಆ ದಾರಿಯಲ್ಲೂ ಇದೆ. ಹಿಂದೆ ಇಂಗ್ಲಿಷ್ ಮತ್ತು ಗಣಿತದಲ್ಲಿ ಅನೇಕರನ್ನು ಕ್ರೆಡಿಟ್ಟಿಗೆ ಲೆಕ್ಕವಾಗದ ಪೂರ್ವತಯಾರಿ ತರಗತಿಗಳಲ್ಲೇ ಒಂದೆರಡು ಸೆಮಿಸ್ಟರ್ ಕೂರಿಸುತ್ತಿದ್ದರು. 2017ರ ಕಾನೂನೊಂದು ಅದಕ್ಕೆ ತಡೆ ಹಾಕಿತು. ಆದರೂ ಒಂದು ಮೇಜರ್‌ಗೆ ಬರ್ಕ್ಲಿ ಕೇಳುವ ಪಾಠಗಳು ಒಂದು ಬಗೆ, ಸ್ಯಾನ್ ಡಿಯಾಗೊ ಕೇಳುವವು ಇನ್ನೊಂದು ಬಗೆ. ಎರಡಕ್ಕೂ ಸಿದ್ಧವಾಗುವವಳು ಕೆಲವು ಪಾಠಗಳನ್ನು ಹೆಚ್ಚಿಗೆ ಓದಲೇಬೇಕು.

ಈ ಅಂಕಿಗಳಿಂದ ನನಗೆ ಕಾಣುವುದು ಕಮ್ಯುನಿಟಿ ಕಾಲೇಜು ಬೇಡವೆಂದಲ್ಲ, 116ರಲ್ಲಿ ಯಾವುದು ಎಂದು ಹುಡುಕಿ ನೋಡಬೇಕೆಂದು. ಸ್ಯಾಂಟಾ ಮೋನಿಕಾ, ಡಿ ಆ್ಯನ್ಜಾ, ಡಯಾಬ್ಲೊ ವ್ಯಾಲಿಯಂಥ ಕಾಲೇಜುಗಳು ದಶಕಗಳಿಂದ ದೊಡ್ಡ ಸಂಖ್ಯೆಯಲ್ಲಿ ಯುಸಿಗೆ ಮಕ್ಕಳನ್ನು ಕಳಿಸುತ್ತ ಬಂದಿವೆ. ಇನ್ನು ಕೆಲವು ಕಾಲೇಜುಗಳಿಂದ ವರ್ಷಕ್ಕೆ ಹೋಗುವವರು ಕೆಲವೇ ಮಂದಿ. ಯಾವ ಕಾಲೇಜಿನಿಂದ ಎಷ್ಟು ಅರ್ಜಿ ಬಂತು, ಎಷ್ಟು ಮಂದಿಗೆ ಸೀಟು ಸಿಕ್ಕಿತು ಎಂಬ ಲೆಕ್ಕವನ್ನು ಯುಸಿ ಪ್ರಕಟಿಸುತ್ತದೆ. ಆದರೆ ನನಗೆ ಇದಕ್ಕಿಂತಲೂ ಮುಖ್ಯವೆನಿಸುವುದು ವೇಳಾಪಟ್ಟಿ. ಕಾಲೇಜಿನ ಕೈಪಿಡಿಯಲ್ಲಿ ಲೀನಿಯರ್ ಆಲ್ಜಿಬ್ರಾ ಇರುತ್ತದೆ, ಡಿಫರೆನ್ಷಿಯಲ್ ಈಕ್ವೇಷನ್ಸ್ ಇರುತ್ತದೆ, ಭೌತಶಾಸ್ತ್ರದ ಮೂರನೇ ಭಾಗವೂ ಇರುತ್ತದೆ. ಆದರೆ ಚಿಕ್ಕ ಕಾಲೇಜುಗಳಲ್ಲಿ ಇವು ವರ್ಷಕ್ಕೊಮ್ಮೆ, ಒಂದೇ ತರಗತಿಯಾಗಿ ನಡೆಯಬಹುದು. ಮಕ್ಕಳ ಸಂಖ್ಯೆ ಕಡಿಮೆಯಾದರೆ ರದ್ದಾಗಲೂಬಹುದು. ಎಂಜಿನಿಯರಿಂಗ್ ಅಥವಾ ಕಂಪ್ಯೂಟರ್ ಸೈನ್ಸ್‌ನ ಗುರಿಯಿರುವವಳಿಗೆ ಆ ಒಂದು ತರಗತಿ ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯುವ ಪಾಡು. ಹಿಂದಿನ ಎರಡು ವರ್ಷಗಳ ವೇಳಾಪಟ್ಟಿಗಳನ್ನು ತೆರೆದು, ತನಗೆ ಬೇಕಾದ ಕೊನೆಯ ಪಾಠದಿಂದ ಹಿಂದಕ್ಕೆ ಎಣಿಸುತ್ತ ಬಂದು, ಮೊದಲ ಸೆಮಿಸ್ಟರಿನಲ್ಲಿ ಯಾವ ಗಣಿತದಿಂದ ಶುರುಮಾಡಬೇಕೆಂದು ಬರೆದುಕೊಳ್ಳುವುದು ಒಂದು ಸಂಜೆಯ ಕೆಲಸ. ಕ್ಯಾಂಪಸ್ ಪ್ರವಾಸಕ್ಕೆ ವಿಮಾನ ಹತ್ತುವವರು ಈ ಒಂದು ಸಂಜೆಯನ್ನು ಮೀಸಲಿಡುವುದಿಲ್ಲ. ಕಂಪ್ಯೂಟರ್ ಸೈನ್ಸ್ ಬಗ್ಗೆ ಇನ್ನೊಂದು ಮಾತು: ಕ್ಯಾಂಪಸ್ಸಿನ ಒಟ್ಟು ಪ್ರವೇಶ ಪ್ರಮಾಣ ನೋಡಿ ಧೈರ್ಯ ತಂದುಕೊಳ್ಳಬಾರದು. ಬರ್ಕ್ಲಿಯಂಥ ಕಡೆ ಈ ವಿಷಯದಲ್ಲಿ ವರ್ಗಾವಣೆಯ ಅವಕಾಶ ಒಟ್ಟು ಪ್ರಮಾಣಕ್ಕಿಂತ ಬಹಳ ಕಡಿಮೆ, ಮತ್ತು 'ಟ್ಯಾಗ್' ಖಾತರಿಯಿಂದಲೂ ಹಲವು ಕ್ಯಾಂಪಸ್‌ಗಳು ಎಂಜಿನಿಯರಿಂಗ್, ಕಂಪ್ಯೂಟರ್ ವಿಭಾಗಗಳನ್ನು ಹೊರಗಿಟ್ಟಿವೆ ಅಥವಾ ಹೆಚ್ಚಿನ ಜಿಪಿಎ ಕೇಳುತ್ತವೆ.

ಹದಿನೇಳರ ವಯಸ್ಸಿನಲ್ಲಿ ಮೂರನೇ ವರ್ಷದ ಮೇಜರ್‌ವರೆಗೆ ಲೆಕ್ಕ ಹಾಕು ಎನ್ನುವುದು ಸರಿಯೇ, ಮಕ್ಕಳ ಮನಸ್ಸು ಬದಲಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬದಲಾಗುತ್ತದೆ, ಆಗಲೂಬೇಕು, ಅಮೆರಿಕದ ಪದವಿ ವ್ಯವಸ್ಥೆಯ ದೊಡ್ಡ ಗುಣವೇ ಅದಕ್ಕೆ ಜಾಗ ಕೊಡುವುದು. ಆದರೆ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ. ನೂರಾರು ಮೇಜರ್‌ಗಳಿಗೆ ಒಪ್ಪಂದ ಬರೆದಿಟ್ಟಿರುವ ವ್ಯವಸ್ಥೆಯೊಳಗೆ ಜೀವಶಾಸ್ತ್ರದಿಂದ ಅರ್ಥಶಾಸ್ತ್ರಕ್ಕೆ ತಿರುಗಿದವಳಿಗೆ ಆದ ನಷ್ಟವೆಷ್ಟೆಂದು ಅಂದೇ ತಿಳಿಯುತ್ತದೆ. ಒಪ್ಪಂದವಿಲ್ಲದ ಕಡೆ ಅದು ತಿಳಿಯುವುದು ಹೊಸ ಕಾಲೇಜು ಸೇರಿದ ಮೇಲೆ. ಇನ್ನೊಂದು ಮಾತನ್ನೂ ಇಲ್ಲಿಯೇ ಸೇರಿಸಬೇಕು. ಮಗುವಿಗೆ ತಾನು ಹೊರಡುತ್ತೇನೋ ಇಲ್ಲವೋ ಎಂಬುದೇ ಖಚಿತವಿಲ್ಲದಿದ್ದರೆ, ಕೊನೆಯವರೆಗೂ ಸಂತೋಷವಾಗಿ ಓದಬಹುದಾದ ನಾಲ್ಕು ವರ್ಷದ ಕಾಲೇಜನ್ನೇ ಆರಿಸಬೇಕು. ಬರಾಕ್ ಒಬಾಮ ಲಾಸ್ ಏಂಜಲಿಸ್‌ನ ಆಕ್ಸಿಡೆಂಟಲ್ ಕಾಲೇಜಿನಲ್ಲಿ ಎರಡು ವರ್ಷ ಓದಿ 1981ರಲ್ಲಿ ಕೊಲಂಬಿಯಾಕ್ಕೆ ಹೋದರು. ಹೋಗದೆ ಅಲ್ಲಿಯೇ ಮುಗಿಸಿದ್ದರೂ ಅವರ ಕೈಗೆ ಒಳ್ಳೆಯ ಪದವಿಯೇ ಸಿಗುತ್ತಿತ್ತು. ಹೊರಡುವುದು ಖಚಿತವಾಗಿದ್ದರೆ ದಾಟಿಸಲೆಂದೇ ಕಟ್ಟಿದ ಕಾಲೇಜು, ಅನುಮಾನವಿದ್ದರೆ ಉಳಿಯಲು ಯೋಗ್ಯವಾದ ಕಾಲೇಜು. ಅಪಾಯವಿರುವುದು ಇವೆರಡರ ನಡುವಿನ ಆಯ್ಕೆಯಲ್ಲಿ: ಉಳಿಯಲು ಮನಸ್ಸಿಲ್ಲ, ಹೊರಡಲು ಬರೆದಿಟ್ಟ ದಾರಿಯಿಲ್ಲ, ಶುಲ್ಕ ಮಾತ್ರ ಪೂರ್ತಿ. ಈ ಮಾತು ಕ್ಯಾಲಿಫೋರ್ನಿಯಾಕ್ಕೆ ಸೀಮಿತವಲ್ಲ. ಫ್ಲಾರಿಡಾದಲ್ಲಿ ಇಡೀ ರಾಜ್ಯಕ್ಕೆ ಒಂದೇ ಪಾಠಸಂಖ್ಯೆಯ ಪದ್ಧತಿಯಿದೆ, ಟೆಕ್ಸಸ್‌ನಲ್ಲಿ 42 ಕ್ರೆಡಿಟ್‌ಗಳ ಮೂಲ ಪಠ್ಯಕ್ರಮ ಸಾರ್ವಜನಿಕ ಕಾಲೇಜುಗಳ ನಡುವೆ ಇಡಿಯಾಗಿ ಸಾಗುತ್ತದೆ, ವರ್ಜೀನಿಯಾದ ಕಮ್ಯುನಿಟಿ ಕಾಲೇಜುಗಳಿಗೆ ಅಲ್ಲಿನ ವಿಶ್ವವಿದ್ಯಾಲಯಗಳೊಂದಿಗೆ ಖಾತರಿ ಪ್ರವೇಶದ ಒಪ್ಪಂದಗಳಿವೆ.

ಬರೆದಿಟ್ಟ ದಾರಿಯಲ್ಲಿ ಹೋದರೂ ಕಳೆದುಕೊಳ್ಳುವುದಿದೆ. ಮೊದಲ ವರ್ಷ ಹಾಸ್ಟೆಲಿನಲ್ಲಿ ಕೂಡಿದ ಗೆಳೆತನಗಳ ನಡುವೆ ಮೂರನೇ ವರ್ಷಕ್ಕೆ ಬಂದವರು ಹೊರಗಿನವರಾಗಿಯೇ ಸ್ವಲ್ಪ ಕಾಲ ಇರಬೇಕಾಗುತ್ತದೆ. ಖಾಸಗಿ ವಿಶ್ವವಿದ್ಯಾಲಯಗಳ ದೊಡ್ಡ ಪ್ರತಿಭಾ ವಿದ್ಯಾರ್ಥಿವೇತನಗಳು ಹೆಚ್ಚಾಗಿ ಮೊದಲ ವರ್ಷದವರಿಗೇ ಮೀಸಲು. ಸಂಶೋಧನೆಗೆ ಸೇರಿಸಿಕೊಳ್ಳುವ, ಶಿಫಾರಸು ಪತ್ರ ಬರೆಯುವಷ್ಟು ಹತ್ತಿರದ ಪ್ರಾಧ್ಯಾಪಕರನ್ನು ಸಂಪಾದಿಸಲು ನಾಲ್ಕು ವರ್ಷದ ಬದಲು ಎರಡೇ ವರ್ಷ ಸಿಗುತ್ತದೆ. ಹೊಸ ಕಡೆ ಮೊದಲ ಅವಧಿಯಲ್ಲಿ ಅಂಕ ಕುಸಿಯುವುದನ್ನು 1965ರಷ್ಟು ಹಿಂದೆಯೇ ಸಂಶೋಧಕರು ಗುರುತಿಸಿ, 'ವರ್ಗಾವಣೆಯ ಆಘಾತ' ಎಂದು ಹೆಸರಿಟ್ಟಿದ್ದಾರೆ, ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಮೊದಲ ವರ್ಷಕ್ಕೇ, ಮನಸ್ಸಿಗೊಪ್ಪುವ ಕಡೆ, ಕೈಗೆಟಕುವ ಖರ್ಚಿನಲ್ಲಿ ಸೀಟು ಸಿಕ್ಕವರು ಅದನ್ನು ಬಿಟ್ಟು ಈ ದಾರಿ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ.

ಕರ್ನಾಟಕದಿಂದ ಹೋಗುವವರ ಲೆಕ್ಕ ಒಂದಷ್ಟು ಬೇರೆ. ಕ್ಯಾಲಿಫೋರ್ನಿಯಾ ನಿವಾಸಿಗಳು ಕಮ್ಯುನಿಟಿ ಕಾಲೇಜಿನಲ್ಲಿ ಯೂನಿಟ್ಟಿಗೆ 46 ಡಾಲರ್ ಕೊಟ್ಟರೆ ಹೊರದೇಶದವರು ಅದರ ಹಲವು ಪಟ್ಟು ಕೊಡಬೇಕು. ಹಾಗಿದ್ದೂ ಯುಸಿ ಹೊರದೇಶದ ವಿದ್ಯಾರ್ಥಿಯಿಂದ ವರ್ಷಕ್ಕೆ ಪಡೆಯುವ ಶುಲ್ಕದ ಮೂರನೇ ಒಂದು ಭಾಗಕ್ಕಿಂತ ಕಮ್ಯುನಿಟಿ ಕಾಲೇಜಿನ ವರ್ಷದ ಶುಲ್ಕ ಕಡಿಮೆಯೇ. 'ಟ್ಯಾಗ್' ಖಾತರಿ ಅವರಿಗೂ ಉಂಟು. ಎಫ್-1 ವಿದ್ಯಾರ್ಥಿ ವೀಸಾದವರು ಪ್ರತಿ ಸೆಮಿಸ್ಟರಿನಲ್ಲೂ ಪೂರ್ಣಾವಧಿಯ 12 ಯೂನಿಟ್ ಓದಲೇಬೇಕು, ಅದರಲ್ಲಿ ಆನ್‌ಲೈನ್ ಪಾಠಕ್ಕೆ ಮಿತಿಯಿದೆ. ಆದ್ದರಿಂದ ಬೇಕಾದ ತರಗತಿ ತುಂಬಿಹೋದರೆ ಸ್ಥಳೀಯ ವಿದ್ಯಾರ್ಥಿಯಂತೆ ಕಡಿಮೆ ಪಾಠ ತೆಗೆದುಕೊಂಡು ಕಾಯುವ ಅನುಕೂಲ ಇವರಿಗಿಲ್ಲ. ಇಲ್ಲಿ ಎಂಜಿನಿಯರಿಂಗಿಗೆ ಸೇರಿ, ಒಂದು ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಮುಗಿಸಿ ಅಮೆರಿಕಕ್ಕೆ ಹೋಗೋಣ ಎನ್ನುವವರು ಎಲ್ಲರಿಗಿಂತ ಹೆಚ್ಚು ಎಚ್ಚರ ವಹಿಸಬೇಕು, ಏಕೆಂದರೆ ಅವರ ಪಾಠಗಳಿಗೆ ಅಲ್ಲಿ ಸಿದ್ಧ ಒಪ್ಪಂದ ಸಾಮಾನ್ಯವಾಗಿ ಇರುವುದಿಲ್ಲ. ಪ್ರತಿ ವಿಷಯದ ಪಠ್ಯಕ್ರಮ, ಪ್ರಯೋಗಾಲಯದ ಗಂಟೆಗಳು, ಬಳಸಿದ ಪುಸ್ತಕಗಳ ವಿವರವಿರುವ, ಕಾಲೇಜಿನ ಮೊಹರು ಬಿದ್ದ ಪ್ರತಿಗಳನ್ನು ಇಲ್ಲಿಂದ ಹೊರಡುವ ಮುನ್ನವೇ ಪಡೆದುಕೊಳ್ಳಬೇಕು. ಯಾವ ಪಾಠಕ್ಕೆ ಯಾವುದು ಸಮವೆಂದು ಆ ವಿಶ್ವವಿದ್ಯಾಲಯದ ಇಲಾಖೆಯಿಂದಲೇ ಬರಹದಲ್ಲಿ ಕೇಳಬೇಕು; ಏಜೆಂಟರ ಬಾಯಿಮಾತಿಗೆ ಬೆಲೆಯಿಲ್ಲ. ಆ ಉತ್ತರ ಬರುವ ಮೊದಲು ಇಲ್ಲಿನ ಸೀಟು ಬಿಡಬಾರದು.